ಹೊದಿಕೆಯ ಓದು: ಹೊಗಾರ್ತ್ ಪ್ರೆಸ್ಸಿನ ಲೇಖಕರು, ಕಾದಂಬರಿಗಳು ಮತ್ತು ಚಿತ್ರಗಳು

ಪುಸ್ತಕವೊಂದರ ಅಂಗಗಳಲ್ಲಿ ವಿದ್ವಾಂಸರ ಗಮನಕ್ಕೆ ಎಲ್ಲಕ್ಕಿಂತ ಕಡಿಮೆ ಬಂದಿರುವುದು ಅದರ ಹೊದಿಕೆ. ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕದ ಹೊದಿಕೆಯನ್ನು ತೆಗೆದುಹಾಕಿ, ಒಳಗಿನ ಫಾರಂಗಳಿಗೆ ಗಟ್ಟಿ ರಟ್ಟು ಕಟ್ಟಿಸಿ, ಬೆನ್ನಿನ ಮೇಲೆ ಸಂಖ್ಯೆ ಬರೆದು ಕಪಾಟಿಗೆ ಸೇರಿಸುವುದು ಬಹುಕಾಲ ನಡೆದುಬಂದ ರೂಢಿಯಾಗಿತ್ತು. ಗ್ರಂಥಸೂಚಿಗಳು ಲೇಖಕರ ಹೆಸರು, ಪ್ರಕಟಣೆಯ ಊರು, ವರ್ಷ, ಪುಟಸಂಖ್ಯೆ, ಬೆಲೆ ಇಷ್ಟನ್ನೂ ದಾಖಲಿಸಿ, ಹೊದಿಕೆಯ ಚಿತ್ರ ಬರೆದವರು ಯಾರೆಂಬುದನ್ನು ಮಾತ್ರ ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದವು. ಹೊದಿಕೆಯೆಂದರೆ ಅಂಗಡಿಯಿಂದ ಮನೆ ತಲಪುವವರೆಗೆ ಪುಸ್ತಕವನ್ನು ಧೂಳಿನಿಂದ ಕಾಪಾಡುವ ಕಾಗದ, ಅದರ ಮೇಲಿನ ಚಿತ್ರವೆಂದರೆ ಕೊಳ್ಳುವವರನ್ನು ಕರೆಯುವ ಜಾಹೀರಾತು ಎಂಬ ತಿಳಿವಳಿಕೆ ಈ ರೂಢಿಯ ಹಿಂದಿದೆ. ಇದು ಪೂರ್ತಿ ತಪ್ಪು ತಿಳಿವಳಿಕೆಯಲ್ಲ. ಆದರೆ ಒಂದು ಪ್ರಕಾಶನ ಸಂಸ್ಥೆ ತನ್ನ ಲೇಖಕರನ್ನು ಹೇಗೆ ಅರ್ಥಮಾಡಿಕೊಂಡಿತು, ಹೊಸ ಕಾದಂಬರಿಯೊಂದನ್ನು ಯಾವ ಹೆಮ್ಮೆಯಿಂದ, ಎಷ್ಟು ಧೈರ್ಯದಿಂದ ಓದುಗರ ಮುಂದಿಟ್ಟಿತು ಎಂಬುದನ್ನು ತಿಳಿಯಬೇಕಾದರೆ ಆ ಹೊದಿಕೆಯ ಬಳಿಗೇ ಹೋಗಬೇಕಾಗುತ್ತದೆ.

ಕನ್ನಡದಲ್ಲಿ 'ಮುಖಪುಟ'ವೆಂಬ ಒಂದೇ ಮಾತು ಪುಸ್ತಕಕ್ಕೆ ಅಂಟಿಸಿದ ಮೇಲಿನ ಹಾಳೆಗೂ, ರಟ್ಟಿನ ಮೇಲೆ ಬಿಡಿಯಾಗಿ ಸುತ್ತಿದ ಕಾಗದಕ್ಕೂ ಸಲ್ಲುತ್ತದೆ. ಇಲ್ಲಿ 'ಹೊದಿಕೆ'ಯೆಂಬ ಮಾತನ್ನು ಎರಡನೆಯ ಅರ್ಥದಲ್ಲಿ, ಎರಡೂ ಅಂಚುಗಳನ್ನು ರಟ್ಟಿನ ಒಳಕ್ಕೆ ಮಡಚಿದ ಬಿಡಿಕಾಗದವೆಂಬ ಅರ್ಥದಲ್ಲಿ, ಬಳಸಲಾಗಿದೆ. ಪರಿಶೀಲನೆಗೆ ಎತ್ತಿಕೊಂಡಿರುವುದು 1917ರಲ್ಲಿ ಲಂಡನ್ನಿನ ಹೊರವಲಯದ ರಿಚ್ಮಂಡ್‌ನಲ್ಲಿ ಲಿಯೊನಾರ್ಡ್ ವುಲ್ಫ್ ಮತ್ತು ವರ್ಜೀನಿಯಾ ವುಲ್ಫ್ ದಂಪತಿಗಳು ಆರಂಭಿಸಿದ ಹೊಗಾರ್ತ್ ಪ್ರೆಸ್ ಎಂಬ ಪ್ರಕಾಶನ. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಯ ಸ್ವರೂಪವನ್ನು ಬದಲಿಸಿದ ಕೃತಿಗಳಲ್ಲಿ ಕೆಲವು ಇಲ್ಲಿಂದ ಹೊರಬಂದವೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಕೃತಿಗಳ ರೂಪಕ್ಕೂ ಅವುಗಳನ್ನು ಅಚ್ಚುಹಾಕಿದ ಕೈಗೆಲಸಕ್ಕೂ ಅವುಗಳ ಮೇಲೆ ಹೊದಿಸಿದ ಚಿತ್ರಗಳಿಗೂ ಇದ್ದ ನಂಟು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಮೂರೂ ಒಂದೇ ಬೇರಿನಿಂದ ಬಂದವು ಎಂಬುದು ಈ ಉಪನ್ಯಾಸದ ವಾದ.

ಲಿಯೊನಾರ್ಡ್ 1904ರಿಂದ 1911ರವರೆಗೆ ಸಿಲೋನಿನ ವಸಾಹತು ಆಡಳಿತದಲ್ಲಿ ಅಧಿಕಾರಿಯಾಗಿದ್ದು, ಸಾಮ್ರಾಜ್ಯದ ಬಗ್ಗೆ ಭ್ರಮನಿರಸನಗೊಂಡು ಊರಿಗೆ ಮರಳಿದವರು. ಅಲ್ಲಿನ ಕಾಡಂಚಿನ ಹಳ್ಳಿಯೊಂದನ್ನು ಕುರಿತ ಅವರ ಕಾದಂಬರಿ 1913ರಲ್ಲಿ ಪ್ರಕಟವಾಗಿತ್ತು. 1912ರಲ್ಲಿ ಅವರನ್ನು ಮದುವೆಯಾದ ವರ್ಜೀನಿಯಾ ತಮ್ಮ ಮೊದಲ ಕಾದಂಬರಿಯನ್ನು ಮುಗಿಸುವ ಹೊತ್ತಿಗೆ ತೀವ್ರವಾದ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾದರು. 1913ರಲ್ಲಿ ಕಾಣಿಸಿಕೊಂಡ ಆ ಕಾಯಿಲೆ 1915ರಲ್ಲಿ ಮರುಕಳಿಸಿತು. ಬರವಣಿಗೆಯ ಒತ್ತಡದಿಂದ ಮನಸ್ಸನ್ನು ದಿನದ ಕೆಲವು ಗಂಟೆಗಳಾದರೂ ಬಿಡಿಸಬಲ್ಲ, ಕೈಗಳನ್ನು ಪೂರ್ತಿಯಾಗಿ ತೊಡಗಿಸಬಲ್ಲ ಕೆಲಸವೊಂದು ಅವರಿಗೆ ಬೇಕೆಂದು ಲಿಯೊನಾರ್ಡ್ ಭಾವಿಸಿದರು. ಮುದ್ರಣ ಅಂಥ ಕೆಲಸವಾಗಿ ಇಬ್ಬರಿಗೂ ಕಂಡಿತು. ಕಸುಬನ್ನು ಕಲಿಯಲು ಲಂಡನ್ನಿನ ಮುದ್ರಣಶಾಲೆಯೊಂದರಲ್ಲಿ ವಿಚಾರಿಸಿದಾಗ, ಕಾರ್ಮಿಕ ಸಂಘದ ಶಿಷ್ಯವೃತ್ತಿಗೆ ಸೇರಿದವರಿಗೆ ಮಾತ್ರ ಅಲ್ಲಿ ಪ್ರವೇಶವೆಂದು ತಿಳಿದುಬಂತು. ಕೊನೆಗೆ 1917ರ ಮಾರ್ಚ್ 23ರಂದು ಫ್ಯಾರಿಂಗ್ಡನ್ ಬೀದಿಯ ಅಂಗಡಿಯೊಂದರಿಂದ ಸುಮಾರು 19 ಪೌಂಡುಗಳಿಗೆ ಒಂದು ಚಿಕ್ಕ ಕೈಯಚ್ಚಿನ ಯಂತ್ರವನ್ನೂ ಮೊಳೆಗಳನ್ನೂ ಕೊಂಡು, ಅದರ ಜೊತೆಗೆ ಸಿಕ್ಕ 16 ಪುಟಗಳ ಕಿರುಹೊತ್ತಗೆಯನ್ನೇ ಗುರುವಾಗಿಟ್ಟುಕೊಂಡು ಅವರು ಕೆಲಸಕ್ಕೆ ಕುಳಿತರು. ಯಂತ್ರವನ್ನಿಟ್ಟ ಸ್ಥಳ ಊಟದ ಕೋಣೆ; ಮನೆಯ ಹೆಸರು ಹೊಗಾರ್ತ್ ಹೌಸ್; ಪ್ರಕಾಶನಕ್ಕೂ ಅದೇ ಹೆಸರು ನಿಂತಿತು.

ಮೊಳೆ ಜೋಡಣೆಯೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಆ ಕಸುಬು ಕಣ್ಮರೆಯಾಗಿ ಬಹಳ ಕಾಲವಾಯಿತು ಮತ್ತು ಮುಂದೆ ಬರುವ ವಾದ ಅದನ್ನೇ ಆಧರಿಸಿದೆ. ಸೀಸದ ಮಿಶ್ರಲೋಹದಲ್ಲಿ ಎರಕಹೊಯ್ದ ಒಂದೊಂದು ಅಕ್ಷರವೂ ಒಂದು ಮೊಳೆ. ಅದರ ತಲೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಜೋಡಿಸುವವರು ಅಂಕಣಗಳಾಗಿ ವಿಂಗಡಿಸಿದ ಪೆಟ್ಟಿಗೆಯಿಂದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, 'ಸ್ಟಿಕ್' ಎಂದು ಕರೆಯಲಾಗುವ ಕೈಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿ, ಪದಪದಗಳ ನಡುವೆ ಅಚ್ಚಾಗದ ತುಂಡುಲೋಹವನ್ನೂ ಸಾಲುಸಾಲುಗಳ ನಡುವೆ ಪಟ್ಟಿಗಳನ್ನೂ ಇಟ್ಟು ಪುಟವನ್ನು ಕಟ್ಟುತ್ತಾರೆ. ಅಚ್ಚಾದ ಮೇಲೆ ಅಷ್ಟೂ ಮೊಳೆಗಳನ್ನು ಬಿಡಿಸಿ ಮತ್ತೆ ಅವವುಗಳ ಅಂಕಣಕ್ಕೆ ಹಾಕಬೇಕು, ಇಲ್ಲವಾದರೆ ಮುಂದಿನ ಪುಟಕ್ಕೆ ಅಕ್ಷರಗಳಿರುವುದಿಲ್ಲ. ಈ ಕೆಲಸದಲ್ಲಿ ಖಾಲಿ ಜಾಗವೂ ಒಂದು ವಸ್ತು. ಬರೆಯುವವರಿಗೆ ಎರಡು ಪ್ಯಾರಾಗಳ ನಡುವಿನ ಬಿಳುಪು ಏನೂ ಇಲ್ಲದ ಸ್ಥಳವಾಗಿ ತೋರಬಹುದು. ಜೋಡಿಸುವವರ ಕೈಯಲ್ಲಿ ಅದಕ್ಕೆ ತೂಕವಿದೆ, ಅಳತೆಯಿದೆ, ಅದನ್ನು ಆರಿಸಿ ಇಡಬೇಕಾದ ಹೊಣೆಯಿದೆ. ಲಿಯೊನಾರ್ಡರಿಗೆ ಹುಟ್ಟಿನಿಂದ ಕೈನಡುಕವಿದ್ದುದರಿಂದ ಮೊಳೆ ಜೋಡಿಸುವ, ಬಿಡಿಸುವ ಕೆಲಸ ವರ್ಜೀನಿಯಾ ಅವರ ಪಾಲಿಗೂ, ಯಂತ್ರವನ್ನು ನಡೆಸುವ ಕೆಲಸ ಲಿಯೊನಾರ್ಡರ ಪಾಲಿಗೂ ಬಂತು. ವರ್ಜೀನಿಯಾ ಹರೆಯದಲ್ಲೇ ರಟ್ಟು ಕಟ್ಟುವುದನ್ನು ಕಲಿತಿದ್ದರಿಂದ ಹೊಲಿಗೆ, ಕಟ್ಟು ಇವೂ ಮನೆಯಲ್ಲೇ ನಡೆದವು.

1917ರ ಜುಲೈನಲ್ಲಿ ಹೊರಬಂದ ಮೊದಲ ಪ್ರಕಟಣೆಯಲ್ಲಿದ್ದುದು ಗಂಡಹೆಂಡಿರ ಒಂದೊಂದು ಕತೆ. ಮುದ್ರಿಸಿದ ಪ್ರತಿಗಳು 150. ಡೋರಾ ಕ್ಯಾರಿಂಗ್ಟನ್ ಎಂಬ ಯುವ ಕಲಾವಿದೆ ಮರಗೆತ್ತನೆಯ ನಾಲ್ಕು ಚಿತ್ರಗಳನ್ನು ಅದಕ್ಕಾಗಿ ಮಾಡಿಕೊಟ್ಟಿದ್ದರು. ಮರಗೆತ್ತನೆಯೆಂದರೆ ಮರದ ಹಲಗೆಯ ಮೇಲೆ ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಕೊರೆದು ತೆಗೆದು, ಉಬ್ಬಿನಿಂತ ಭಾಗಕ್ಕೆ ಮಸಿ ಹಚ್ಚಿ ಒತ್ತುವ ಕ್ರಮ. ಮೊಳೆಗಳಂತೆಯೇ ಇದೂ ಉಬ್ಬಚ್ಚಾದುದರಿಂದ ಬರಹವನ್ನೂ ಚಿತ್ರವನ್ನೂ ಒಂದೇ ಯಂತ್ರದಲ್ಲಿ ಒಟ್ಟಿಗೆ ಅಚ್ಚುಹಾಕಲು ಬರುತ್ತದೆ. ಪ್ರಕಾಶನದ ಮೊತ್ತಮೊದಲ ಪುಸ್ತಕದಲ್ಲೇ ಚಿತ್ರವೂ ಇತ್ತೆಂಬುದು, ಅದೂ ಲೇಖಕಿ ತನ್ನ ಕೈಯಾರೆ ಜೋಡಿಸಿದ ಸಾಲುಗಳ ಮಗ್ಗುಲಲ್ಲಿಯೇ ಇತ್ತೆಂಬುದು, ಗಮನಿಸಬೇಕಾದ ಸಂಗತಿ. ಚಿತ್ರವನ್ನು ಆಮೇಲೆ ಯೋಚಿಸಿ ಸೇರಿಸಿದ ಅಲಂಕಾರವೆಂದು ಆ ಮನೆಯಲ್ಲಿ ಯಾರೂ ಎಣಿಸಲಿಲ್ಲ.

ಮುಂದಿನ ವರ್ಷ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅವರ ದೀರ್ಘ ಕತೆ 'ಪ್ರಿಲ್ಯೂಡ್' ಬಂತು. 68 ಪುಟಗಳ ಆ ಪುಸ್ತಕದ ಮೊಳೆ ಜೋಡಣೆ ತಿಂಗಳುಗಟ್ಟಲೆ ಹಿಡಿಯಿತು; ಪುಟ್ಟ ಯಂತ್ರಕ್ಕೆ ಅದು ಮೀರಿದ ಕೆಲಸವಾದ್ದರಿಂದ ಜೋಡಿಸಿದ ಪುಟಗಳನ್ನು ಹತ್ತಿರದ ಮುದ್ರಕರೊಬ್ಬರ ದೊಡ್ಡ ಯಂತ್ರಕ್ಕೆ ಹೊತ್ತೊಯ್ದು ಲಿಯೊನಾರ್ಡ್ ಅಚ್ಚುಹಾಕಬೇಕಾಯಿತು. ಇದೇ 1918ರಲ್ಲಿ ಜೇಮ್ಸ್ ಜಾಯ್ಸ್ ಅವರ 'ಯುಲಿಸಿಸ್' ಹಸ್ತಪ್ರತಿಯ ಭಾಗ ಹೊಗಾರ್ತ್ ಹೌಸಿಗೆ ಬಂದು, ಅಷ್ಟು ದೊಡ್ಡ ಕೃತಿಯನ್ನು ಕೈಯಿಂದ ಜೋಡಿಸಲು ವರ್ಷಗಳೇ ಬೇಕಾಗುತ್ತವೆಂಬ ಕಾರಣದಿಂದ ಹಿಂದಿರುಗಿತು. ಹೊರಗಿನ ಮುದ್ರಕರನ್ನು ಕೇಳಿದಾಗ ಮೊಕದ್ದಮೆಗೆ ಹೆದರಿ ಅವರೂ ಒಪ್ಪಲಿಲ್ಲ. ವರ್ಜೀನಿಯಾ ಅವರಿಗೆ ಆ ಕೃತಿ ರುಚಿಸಿರಲಿಲ್ಲವೆಂಬುದೂ ನಿಜ. ಪ್ರಕಾಶನಗಳ ಚರಿತ್ರೆಯನ್ನು ಬರೆಯುವವರು ಈ ನಿರಾಕರಣೆಯನ್ನು ಒಂದು ದೊಡ್ಡ ತಪ್ಪೆಂಬಂತೆ ಹೇಳುವುದುಂಟು. ಅದು ನ್ಯಾಯವಾದ ಮಾತಲ್ಲ. ಒಂದು ಊಟದ ಕೋಣೆಯ ಯಂತ್ರ ಎತ್ತಬಹುದಾದ ಭಾರಕ್ಕೆ ಮಿತಿಯಿದೆ, ಆ ಮಿತಿಯೊಳಗೇ ಟಿ.ಎಸ್. ಎಲಿಯಟ್ ಅವರ ಕವಿತೆಗಳು 1919ರಲ್ಲಿ, ಸಾಲುಗಳು ಪುಟದ ತುಂಬ ಚದುರಿಹೋಗುವ ಹೋಪ್ ಮಿರ್‍ಲೀಸ್ ಅವರ ಪ್ಯಾರಿಸ್ ಕುರಿತ ಕವಿತೆ 1920ರಲ್ಲಿ ಅಚ್ಚಾದವು. 1923ರ ಸೆಪ್ಟೆಂಬರಿನಲ್ಲಿ ಬಂದ 'ದಿ ವೇಸ್ಟ್ ಲ್ಯಾಂಡ್' ಕಾವ್ಯದ ಬ್ರಿಟಿಷ್ ಆವೃತ್ತಿಯ ಸುಮಾರು 460 ಪ್ರತಿಗಳಿಗೆ ಮೊಳೆ ಜೋಡಿಸಿದವರು ವರ್ಜೀನಿಯಾ ಅವರೇ. ಆ ಕಾಲದ ಅತ್ಯಂತ ಕಠಿಣ ಕವಿತೆಯೊಂದನ್ನು ಅಕ್ಷರ ಅಕ್ಷರವಾಗಿ ಕೈಯಲ್ಲಿ ಹಿಡಿದು ಓದಿದ ಕಾದಂಬರಿಕಾರ್ತಿ ಮತ್ತೊಬ್ಬರಿಲ್ಲ.

ಈ ಹಂತದಲ್ಲಿ ವನೆಸಾ ಬೆಲ್ ಅವರ ಪ್ರವೇಶವಾಗುತ್ತದೆ. 1879ರಲ್ಲಿ ಹುಟ್ಟಿದ ವನೆಸಾ ವರ್ಜೀನಿಯಾ ಅವರಿಗಿಂತ ಮೂರು ವರ್ಷ ದೊಡ್ಡವರಾದ ಅಕ್ಕ, ಚಿತ್ರಕಲಾವಿದೆ. ಕಲಾವಿಮರ್ಶಕ ರೋಜರ್ ಫ್ರೈ 1910ರಲ್ಲಿಯೂ 1912ರಲ್ಲಿಯೂ ಲಂಡನ್ನಿನಲ್ಲಿ ಏರ್ಪಡಿಸಿದ ಪೋಸ್ಟ್-ಇಂಪ್ರೆಷನಿಸ್ಟ್ ಪ್ರದರ್ಶನಗಳು ಸೆಜಾನ್, ವ್ಯಾನ್ ಗೋ, ಗೊಗ್ಯಾನ್, ಮತೀಸ್ ಮೊದಲಾದವರ ಚಿತ್ರಗಳನ್ನು ಇಂಗ್ಲಿಷ್ ಪ್ರೇಕ್ಷಕರ ಮುಂದಿಟ್ಟು ಭಾರಿ ಗದ್ದಲವನ್ನೆಬ್ಬಿಸಿದ್ದವು. ಕಂಡದ್ದನ್ನು ಕಂಡ ಹಾಗೆ ನಕಲು ಮಾಡುವುದು ಚಿತ್ರದ ಕೆಲಸವಲ್ಲ, ಗೆರೆ, ಬಣ್ಣ, ಆಕಾರಗಳ ಪರಸ್ಪರ ಸಂಬಂಧದಿಂದಲೇ ಅದು ಅರ್ಥವನ್ನು ಪಡೆಯುತ್ತದೆ ಎಂಬುದು ಆ ಪಂಥದ ಸಾರ. ಎರಡನೆಯ ಪ್ರದರ್ಶನದಲ್ಲಿ ವನೆಸಾ ಅವರ ಚಿತ್ರಗಳಿದ್ದವು. ಅದರ ಕಾರ್ಯದರ್ಶಿಯಾಗಿ ಬಾಗಿಲಲ್ಲಿ ಕುಳಿತು ಜನರ ಸಿಟ್ಟನ್ನೂ ನಗೆಯನ್ನೂ ದಿನವೂ ಕಂಡವರು ಲಿಯೊನಾರ್ಡ್. 1913ರಲ್ಲಿ ಫ್ರೈ ತೆರೆದ ಓಮೆಗಾ ಕಾರ್ಯಾಗಾರದಲ್ಲಿ ಕಲಾವಿದರು ಕುರ್ಚಿ, ಪರದೆ, ಬಟ್ಟೆ, ಮಡಕೆಗಳ ಮೇಲೆ ಬಣ್ಣ ಹಾಕುತ್ತಿದ್ದರು. ವನೆಸಾ ಅಲ್ಲಿನ ಮುಖ್ಯ ಕಲಾವಿದರಲ್ಲೊಬ್ಬರು. ಗೋಡೆಗೆ ನೇತುಹಾಕುವ ಚಿತ್ರಕ್ಕೂ ದಿನಬಳಕೆಯ ವಸ್ತುವಿಗೂ ನಡುವೆ ಗೆರೆಯೆಳೆಯದ ಈ ಅಭ್ಯಾಸ ಮುಂದೆ ಪುಸ್ತಕದ ಹೊದಿಕೆಗೆ ಸಹಜವಾಗಿಯೇ ಹರಿದುಬಂತು.

ಅಕ್ಕತಂಗಿಯರ ಮೊದಲ ಸಹಯೋಗ ಸುಖವಾಗಿ ಮುಗಿಯಲಿಲ್ಲ. 1919ರ ಮೇ ತಿಂಗಳಲ್ಲಿ ವರ್ಜೀನಿಯಾ ಅವರ 'ಕ್ಯೂ ಗಾರ್ಡನ್ಸ್' ಎಂಬ ಕತೆ ವನೆಸಾ ಅವರ ಮರಗೆತ್ತನೆಗಳೊಂದಿಗೆ 150 ಪ್ರತಿಗಳಲ್ಲಿ ಹೊರಬಂತು. ಟೈಮ್ಸ್ ಪತ್ರಿಕೆಯ ಸಾಹಿತ್ಯ ಪುರವಣಿಯಲ್ಲಿ ಒಳ್ಳೆಯ ವಿಮರ್ಶೆ ಬಂದು, ಊರಿಗೆ ಹೋಗಿದ್ದ ದಂಪತಿಗಳು ಮನೆಗೆ ಮರಳುವಷ್ಟರಲ್ಲಿ ಬೇಡಿಕೆಯ ಪತ್ರಗಳು ರಾಶಿಬಿದ್ದಿದ್ದವು. ಎರಡನೆಯ ಮುದ್ರಣವನ್ನು ಹೊರಗಿನ ಮುದ್ರಕರಿಗೆ ವಹಿಸಬೇಕಾಯಿತು. ಆದರೆ ತಮ್ಮ ಚಿತ್ರಗಳು ಅಚ್ಚಾದ ರೀತಿಯನ್ನು ಕಂಡು ವನೆಸಾ ಬಹಳ ನೊಂದುಕೊಂಡರು. ಹೀಗೆಯೇ ಅಚ್ಚುಹಾಕುವುದಾದರೆ ತಂಗಿಯ ಕತೆಗಳಿಗೆ ಇನ್ನು ತಾವು ಚಿತ್ರ ಬರೆಯುವುದಿಲ್ಲವೆಂದೂ, ಸಾಮಾನ್ಯ ಮುದ್ರಕರೇ ಇದಕ್ಕಿಂತ ಚೆನ್ನಾಗಿ ಮಾಡಿಯಾರೆಂದೂ ಅವರು ಕಟುವಾಗಿ ಹೇಳಿದ್ದನ್ನು ವರ್ಜೀನಿಯಾ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅಕ್ಕನ ದೂರಿನಲ್ಲಿ ಹುರುಳಿರಲಿಲ್ಲವೆನ್ನುವಂತಿಲ್ಲ. 1921ರಲ್ಲಿ ಬಂದ 'ಮಂಡೇ ಆರ್ ಟ್ಯೂಸ್‌ಡೇ' ಕಥಾಸಂಕಲನದಲ್ಲಿ ಮರಗೆತ್ತನೆಗಳ ಮಸಿ ಎದುರುಪುಟಕ್ಕೆ ಅಂಟಿಕೊಂಡು ಅಕ್ಷರಗಳನ್ನೂ ಮಬ್ಬಾಗಿಸಿತ್ತು. ತಾವು ಪ್ರಕಟಿಸಿದವುಗಳಲ್ಲೆಲ್ಲ ಅತ್ಯಂತ ಕೆಟ್ಟದಾಗಿ ಅಚ್ಚಾದ ಪುಸ್ತಕಗಳ ಸಾಲಿಗೆ ಲಿಯೊನಾರ್ಡ್ ಅದನ್ನು ಸೇರಿಸಿದ್ದಾರೆ. ಮಾತು ಅಲ್ಲಿಗೆ ಮುರಿದುಬೀಳಲಿಲ್ಲ. ಚಿತ್ರವಿರಬೇಕಾದ ಜಾಗ ಯಾವುದೆಂಬುದು ಮಾತ್ರ ಬದಲಾಯಿತು; ಒಳಪುಟದ ಮರಗೆತ್ತನೆಯಿಂದ ಅದು ಹೊರಗಿನ ಹೊದಿಕೆಗೆ ಸರಿಯಿತು.

1922ರ ಅಕ್ಟೋಬರಿನಲ್ಲಿ ಪ್ರಕಟವಾದ 'ಜೇಕಬ್ಸ್ ರೂಮ್' ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯ. ವರ್ಜೀನಿಯಾ ಅವರ ಮೊದಲ ಎರಡು ಕಾದಂಬರಿಗಳನ್ನು ಪ್ರಕಟಿಸಿದ್ದು ಅವರ ಮಲಅಣ್ಣ ಜೆರಾಲ್ಡ್ ಡಕ್ವರ್ತ್ ಅವರ ಸಂಸ್ಥೆ. ಅಲ್ಲಿಗೆ ಹಸ್ತಪ್ರತಿ ಕಳಿಸುವುದೆಂದರೆ ಮತ್ತೊಬ್ಬರ ಅಭಿರುಚಿಯ ತಕ್ಕಡಿಯಲ್ಲಿ ತಮ್ಮ ಕೃತಿಯನ್ನಿಟ್ಟು ತೀರ್ಪಿಗೆ ಕಾಯುವುದು. ಮೂರನೆಯ ಕಾದಂಬರಿಯಿಂದ ಈ ಕಾಯುವಿಕೆ ನಿಂತುಹೋಯಿತು. ತಮಗೆ ಇಷ್ಟಬಂದದ್ದನ್ನು ಬರೆಯಬಲ್ಲ ಸ್ವಾತಂತ್ರ್ಯ ಇಂಗ್ಲೆಂಡಿನ ಹೆಂಗಸರಲ್ಲಿ ತಮಗೊಬ್ಬರಿಗೇ ಇದೆಯೆಂಬ ಅರ್ಥದ ಮಾತನ್ನು ಅವರು 1925ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಅದು ಸಂತೋಷದ ಅತಿಶಯೋಕ್ತಿಯಾದರೂ ಅದರ ಹಿಂದಿನ ಅನುಭವ ಸುಳ್ಳಲ್ಲ. ಎರಡನೆಯ ಕಾರಣ ಕಾದಂಬರಿಯ ರೂಪ. ಮೊದಲ ಮಹಾಯುದ್ಧದಲ್ಲಿ ಸಾಯುವ ಜೇಕಬ್ ಎಂಬ ಯುವಕನ ಬಾಳನ್ನು ಅದು ಘಟನೆಗಳ ಸರಪಳಿಯಾಗಿ ಹೇಳುವುದಿಲ್ಲ. ಅವನನ್ನು ಕಂಡವರ ಕಣ್ಣಿನಲ್ಲಿ, ಅವನಿದ್ದ ಕೋಣೆಗಳಲ್ಲಿ, ತುಣುಕು ತುಣುಕಾಗಿ ತೋರಿಸುತ್ತ, ತುಣುಕುಗಳ ನಡುವೆ ಬಿಳಿಯ ಜಾಗವನ್ನು ಬಿಡುತ್ತ ಹೋಗುತ್ತದೆ. ಮೊದಲ ಆವೃತ್ತಿಯಲ್ಲಿ ಈ ಬಿಳಿಯ ಅಂತರಗಳು ಒಂದೇ ಅಳತೆಯವಲ್ಲ, ಎಲ್ಲಿ ಎಷ್ಟು ಮೌನ ಬೇಕೋ ಅಷ್ಟನ್ನು ಅಳೆದು ಬಿಟ್ಟಂತಿವೆ. ಮುಂದಿನ ಕೆಲವು ಮುದ್ರಣಗಳಲ್ಲಿ ಅವು ಹಾಗೆಯೇ ಉಳಿಯಲಿಲ್ಲ. ಆ ಪುಸ್ತಕ ಅಚ್ಚಾದದ್ದು ಎಡಿನ್‌ಬರೊದ ಆರ್. ಅಂಡ್ ಆರ್. ಕ್ಲಾರ್ಕ್ ಎಂಬ ದೊಡ್ಡ ಮುದ್ರಣಾಲಯದಲ್ಲಿ, ಮನೆಯ ಕೈಯಂತ್ರದಲ್ಲಲ್ಲ. ಆದರೂ ಪ್ಯಾರಾಗಳ ನಡುವೆ ಲೋಹದ ಪಟ್ಟಿಗಳನ್ನಿಟ್ಟು ಖಾಲಿಯನ್ನು ಕಟ್ಟಿ ಐದು ವರ್ಷ ಪಳಗಿದ ಕೈ ಈ ಕಾದಂಬರಿಯನ್ನು ಬರೆದಿದೆಯೆಂಬುದು ಪುಟವನ್ನು ನೋಡಿದೊಡನೆ ತಿಳಿಯುತ್ತದೆ.

ಅದಕ್ಕೆ ವನೆಸಾ ಬರೆದ ಹೊದಿಕೆಯಲ್ಲಿ ಸರಿಸಿದ ಪರದೆಗಳಿವೆ, ನಡುವೆ ಹೂವಿನ ಪಾತ್ರೆಯಿದೆ, ಕೈಯಿಂದಲೇ ಬರೆದ ದಪ್ಪ ಅಕ್ಷರಗಳಿವೆ. ಜೇಕಬ್ ಇಲ್ಲ. ಆ ಕಾಲದ ಕಾದಂಬರಿಗಳ ಹೊದಿಕೆಯ ಮೇಲೆ ಸಾಮಾನ್ಯವಾಗಿ ಕಥೆಯ ಒಂದು ಸನ್ನಿವೇಶವೋ ಚೆಲುವೆಯೊಬ್ಬಳ ಮುಖವೋ ಇರುತ್ತಿತ್ತು. ಇದರಲ್ಲಿ ಚೆಲುವೆಯೂ ಇಲ್ಲ, ಕಥಾನಾಯಕನೂ ಇಲ್ಲ, ಅವನ ಕೋಣೆಯೆಂದು ಗುರುತಿಸಬಹುದಾದ ಕೋಣೆಯೂ ಇಲ್ಲವೆಂದು ಪುಸ್ತಕ ವ್ಯಾಪಾರಿಗಳು ತಕರಾರು ಮಾಡಿದರೆಂದೂ, ಪೋಸ್ಟ್-ಇಂಪ್ರೆಷನಿಸ್ಟ್ ಎಂಬ ಮಾತು ಆಗ ಬೈಗುಳವಾಗಿಯೇ ಚಲಾವಣೆಯಲ್ಲಿತ್ತೆಂದೂ ಲಿಯೊನಾರ್ಡ್ ನೆನೆದುಕೊಂಡಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಅವರ ತಕರಾರು ಅರ್ಥವಾಗುವಂಥದೇ. ಆದರೆ ಕಥಾನಾಯಕ ಕಡೆಯವರೆಗೂ ಯಾರ ಕೈಗೂ ಸಿಗದ, ಅವನ ಖಾಲಿ ಕೋಣೆಯಲ್ಲಿ ಮುಗಿಯುವ ಕಾದಂಬರಿಗೆ ಅವನ ಮುಖವನ್ನು ಬರೆದಿದ್ದರೆ ಅದು ಕೃತಿಗೆ ಮಾಡಿದ ಅಪಚಾರವಾಗುತ್ತಿತ್ತು. ಇಲ್ಲದವನನ್ನು ಇಲ್ಲದವನಾಗಿಯೇ ಬಿಟ್ಟ ಆ ಹೊದಿಕೆ, ಕೃತಿಯ ಬಗ್ಗೆ ಅಂದು ಬಂದ ಹಲವು ವಿಮರ್ಶೆಗಳಿಗಿಂತ ಹೆಚ್ಚು ಸರಿಯಾಗಿ ಕೃತಿಯನ್ನು ಓದಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ವನೆಸಾ ಕಾದಂಬರಿಯನ್ನು ಪೂರ್ತಿ ಓದದೆ, ತಂಗಿ ಹೇಳಿದ ಕೆಲವು ಮಾತುಗಳನ್ನಷ್ಟೇ ಆಧರಿಸಿ ಹೊದಿಕೆಯನ್ನು ಬರೆದರೆಂಬುದು ಜೀವನಚರಿತ್ರಕಾರರು ಒಪ್ಪಿರುವ ಸಂಗತಿ. ಓದದೆ ಬರೆದ ಚಿತ್ರವನ್ನು 'ಓದು' ಎಂದು ಕರೆಯುವುದು ಹೇಗೆ? ಕಥೆಯನ್ನು ತಿಳಿಯುವುದೇ ಓದು ಎಂದಾದರೆ ಆಕ್ಷೇಪ ಗೆಲ್ಲುತ್ತದೆ. ಆದರೆ ಈ ಕಾದಂಬರಿಗಳಲ್ಲಿ ಕಥೆಗಿಂತ ಹೆಚ್ಚಿನದು ಅವುಗಳ ಲಯ, ಅವು ವಸ್ತುಗಳನ್ನು ಒಂದರ ಪಕ್ಕದಲ್ಲೊಂದು ಇಡುವ ರೀತಿ, ಹೇಳದೆ ಬಿಟ್ಟ ಜಾಗ. ಆ ಲಯವನ್ನು ತಂಗಿಯ ಮಾತಿನಲ್ಲಿ ಬಾಲ್ಯದಿಂದ ಕೇಳುತ್ತ ಬಂದ ಅಕ್ಕನಿಗೆ ಕಥಾಸಾರದ ಅಗತ್ಯ ಬೀಳಲಿಲ್ಲ. ಒಡಹುಟ್ಟಿದವರಲ್ಲಿ ಒಬ್ಬರ ಅರ್ಧ ಮಾತನ್ನು ಇನ್ನೊಬ್ಬರು ಪೂರ್ತಿಮಾಡುವುದು ಎಲ್ಲ ಮನೆಗಳಲ್ಲೂ ನಡೆಯುವಂಥದು. ಕಥೆಯನ್ನು ಚೆನ್ನಾಗಿ ಓದಿಕೊಂಡು ಅದರ ಒಂದು ದೃಶ್ಯವನ್ನು ನಿಷ್ಠೆಯಿಂದ ಬರೆದುಕೊಡುವ ಕಲಾವಿದರಿಂದ ಓದುಗರ ಕಲ್ಪನೆಗೆ ಆಗುವ ಹಾನಿಯನ್ನು ನೆನೆದರೆ, ವನೆಸಾ ಅವರ ದಾರಿಯೇ ಒಳ್ಳೆಯದೆನಿಸುತ್ತದೆ.

1925ರ ಮೇ ತಿಂಗಳಿನ 'ಮಿಸೆಸ್ ಡಾಲೋವೆ'ಯ ಹೊದಿಕೆಯಲ್ಲಿ ಒಂದು ಬೀಸಣಿಗೆ ಮತ್ತು ಹೂಗೊಂಚಲು. ಔತಣವೊಂದಕ್ಕೆ ಹೂ ತರಲು ಹೊರಟ ಹೆಂಗಸಿನ ಒಂದು ದಿನದ ಕಾದಂಬರಿಗೆ ಅಷ್ಟೇ ಸಾಕೆಂದು ವನೆಸಾ ಅವರಿಗೆ ತೋರಿತು. 1927ರ 'ಟು ದಿ ಲೈಟ್‌ಹೌಸ್' ಹೊದಿಕೆಯ ಮೇಲೆ ದೀಪಸ್ತಂಭ ಎದ್ದುನಿಂತಿದೆ, ಕೆಳಗೆ ಅಲೆಗಳು ಬಳುಕು ಗೆರೆಗಳಾಗಿ ಏಳುತ್ತವೆ. ದೀಪಸ್ತಂಭವೆಂದು ಹೆಸರಿಸಬಹುದಾದರೂ ಅದು ಒಂದು ಲಂಬರೇಖೆ ಮಾತ್ರವಾಗಿಯೂ ಕಾಣುತ್ತದೆ. ಆ ಕಾದಂಬರಿ ಮುಗಿಯುವುದು ಲಿಲಿ ಬ್ರಿಸ್ಕೋ ಎಂಬ ಚಿತ್ರಕಾರ್ತಿ ತನ್ನ ಕ್ಯಾನ್ವಾಸಿನ ನಡುವೆ ಎಳೆಯುವ ಒಂದು ಗೆರೆಯಿಂದ. ಚಿತ್ರ ಬರೆಯುವ ಹೆಂಗಸಿನ ಸಂಕಟವನ್ನು ಅಷ್ಟು ಒಳಗಿನಿಂದ ಬರೆಯಲು ವರ್ಜೀನಿಯಾ ಅವರಿಗೆ ಸಾಧ್ಯವಾದದ್ದು ಅಕ್ಕನನ್ನು ನೋಡಿ ಬೆಳೆದುದರಿಂದ. ಆ ಕಾದಂಬರಿಯ ನಡುಭಾಗದಲ್ಲಿ ಅದರ ಮುಖ್ಯ ಪಾತ್ರವಾದ ಮಿಸೆಸ್ ರಾಮ್ಸೆಯ ಸಾವು ಚೌಕ ಆವರಣಚಿಹ್ನೆಯೊಳಗಿನ ಒಂದು ವಾಕ್ಯದಲ್ಲಿ ಬಂದುಹೋಗುತ್ತದೆ. ಮುದ್ರಣದ ಚಿಹ್ನೆಯೊಂದಕ್ಕೆ ಸಾವಿನ ಭಾರವನ್ನು ಹೊರಿಸುವ ಈ ಧೈರ್ಯ ಮೊಳೆಪೆಟ್ಟಿಗೆಯ ಮುಂದೆ ನಿಂತವರಿಗೆ ಬರುವಂಥದು. 1929ರ 'ಎ ರೂಮ್ ಆಫ್ ಒನ್ಸ್ ಓನ್' ಪ್ರಬಂಧಕ್ಕೆ ಗುಲಾಬಿ ಕಾಗದದ ಮೇಲೆ ಕಡುನೀಲಿಯಲ್ಲಿ ಒಂದು ಗಡಿಯಾರ. 1931ರ 'ದಿ ವೇವ್ಸ್' ಬರುವ ಹೊತ್ತಿಗೆ ಈ ಹೊದಿಕೆಗಳು ವರ್ಜೀನಿಯಾ ವುಲ್ಫ್ ಎಂಬ ಹೆಸರಿನಿಂದ ಬೇರ್ಪಡಿಸಲಾಗದಂತಾಗಿದ್ದವು.

ಈ ಹೊದಿಕೆಗಳಲ್ಲಿ ಬಹುಪಾಲು ಒಂದೆರಡು ಬಣ್ಣಗಳಲ್ಲೇ ಅಚ್ಚಾದವು. ಲೈನ್ ಬ್ಲಾಕ್ ಎಂದರೆ ಮಸಿಯ ಗೆರೆಗಳನ್ನು ಲೋಹದ ತಗಡಿಗಿಳಿಸಿ ಮಾಡಿದ ಉಬ್ಬಚ್ಚು. ಅದಕ್ಕೆ ತೆಳುಬಣ್ಣಗಳ ಏರಿಳಿತ ಬಾರದು, ಇದ್ದರೆ ಮಸಿ, ಇಲ್ಲದಿದ್ದರೆ ಕಾಗದ. ಹಣದ ಉಳಿತಾಯಕ್ಕೆ ಒಪ್ಪಿಕೊಂಡ ಈ ಕಟ್ಟುಪಾಡನ್ನು ವನೆಸಾ ಶೈಲಿಯಾಗಿ ಮಾರ್ಪಡಿಸಿಕೊಂಡರು. ಕುಂಚದ ನಡುಗುವ ಅಂಚನ್ನು ತಿದ್ದಿ ನೇರಮಾಡಲಿಲ್ಲ. ಹೆಸರುಗಳನ್ನು ಮೊಳೆಗಳಲ್ಲಿ ಜೋಡಿಸದೆ ಕೈಯಿಂದಲೇ ಬರೆದರು. ಪುಸ್ತಕಗಳು ದೂರದ ಊರಿನ ದೊಡ್ಡ ಯಂತ್ರಗಳಲ್ಲಿ ಸಾವಿರಗಟ್ಟಲೆ ಅಚ್ಚಾಗತೊಡಗಿದ ಮೇಲೂ, ಊಟದ ಕೋಣೆಯ ಕೈಗೆಲಸದ ಗುರುತು ಆ ಅಂಕುಡೊಂಕಾದ ಅಕ್ಷರಗಳಲ್ಲಿ ಉಳಿದುಕೊಂಡಿತು.

ಒಂದು ಅಪವಾದವೂ ಇದೆ. 1928ರ 'ಒರ್ಲ್ಯಾಂಡೊ'ಗೆ ವನೆಸಾ ಹೊದಿಕೆ ಬರೆಯಲಿಲ್ಲ. ಒಳಗೆ ಛಾಯಾಚಿತ್ರಗಳಿದ್ದವು, ಅವುಗಳಲ್ಲಿ ಕೆಲವು ಕಥಾನಾಯಕಿಗೆ ಪ್ರೇರಣೆಯಾದ ವೀಟಾ ಸ್ಯಾಕ್‌ವಿಲ್-ವೆಸ್ಟ್ ಅವರವು. ಶೀರ್ಷಿಕೆಯ ಕೆಳಗೆ 'ಜೀವನಚರಿತ್ರೆ' ಎಂದಿದ್ದುದರಿಂದ ವ್ಯಾಪಾರಿಗಳು ಅದನ್ನು ಕಾದಂಬರಿಗಳ ಸಾಲಿನಲ್ಲಿಡಲು ಒಪ್ಪಲಿಲ್ಲವೆಂಬ ಆತಂಕವಿದ್ದರೂ ಮೊದಲ ಆರು ತಿಂಗಳಲ್ಲಿ 8,000ಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಲೇಖಕರನ್ನು ಸಂಭ್ರಮಿಸುವುದೆಂದರೆ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕುವುದಷ್ಟೇ ಅಲ್ಲ. ಒಂದು ಪ್ರಕಾಶನದ ಪಟ್ಟಿಯಲ್ಲಿ ಯಾರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆಂಬುದೂ ಒಂದು ಗೌರವ. ಹೊಗಾರ್ತ್ ಆರಂಭದಲ್ಲಿ ಚಂದಾದಾರರನ್ನು ನೆಚ್ಚಿಕೊಂಡಿತ್ತು: ಮುಂಗಡ ಹಣವಿಟ್ಟು ಬಂದದ್ದೆಲ್ಲವನ್ನೂ ತರಿಸಿಕೊಳ್ಳುವವರು ಒಂದು ವರ್ಗ, ಪ್ರತಿ ಪ್ರಕಟಣೆಯ ಸೂಚನೆಯನ್ನು ಪಡೆದು ಬೇಕಾದುದನ್ನು ಆರಿಸಿಕೊಳ್ಳುವವರು ಇನ್ನೊಂದು ವರ್ಗ. ಕನ್ನಡದ ಗ್ರಂಥಮಾಲೆಗಳು ನಡೆದುಬಂದ ಬಗೆಯನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸದು. 1924ರಲ್ಲಿ ಸಂಸ್ಥೆ ಲಂಡನ್ನಿನ ಟ್ಯಾವಿಸ್ಟಾಕ್ ಚೌಕದ 52ನೆಯ ಮನೆಯ ನೆಲಮಾಳಿಗೆಗೆ ಬಂದ ಮೇಲೆ ಪಟ್ಟಿ ವಿಶಾಲವಾಗುತ್ತ ಹೋಯಿತು. ಅದೇ ವರ್ಷದಿಂದ ಫ್ರಾಯ್ಡ್ ಅವರ ಬರಹಗಳ ಇಂಗ್ಲಿಷ್ ಅನುವಾದ ಅಲ್ಲಿಂದ ಬರತೊಡಗಿತು. ಜೇಮ್ಸ್ ಸ್ಟ್ರೇಚಿ ಸಂಪಾದಿಸಿದ 24 ಸಂಪುಟಗಳ ಸಮಗ್ರ ಆವೃತ್ತಿಗೆ ಬುನಾದಿ ಬಿದ್ದದ್ದು ಆಗ. ರಿಲ್ಕೆ ಬಂದರು, ಕ್ರಿಸ್ಟಫರ್ ಇಷರ್‌ವುಡ್ ಅವರ ಬರ್ಲಿನ್ ಕಾದಂಬರಿಗಳು 1930ರ ದಶಕದಲ್ಲಿ ಬಂದವು. ವೀಟಾ ಅವರ 1930ರ 'ದಿ ಎಡ್ವರ್ಡಿಯನ್ಸ್' ಸಾವಿರಾರು ಪ್ರತಿ ಮಾರಾಟವಾಗಿ, ಖರ್ಚಾಗದ ಕವಿತೆಗಳ ನಷ್ಟವನ್ನು ತುಂಬಿಕೊಟ್ಟಿತು. ಸಂಸ್ಥೆಯ ತೋಳದ ತಲೆಯ ಲಾಂಛನವನ್ನು ಮೊದಲು ವನೆಸಾ ಬರೆದಿದ್ದರು. ಲಂಡನ್ ಸುರಂಗ ರೈಲಿನ ಭಿತ್ತಿಪತ್ರಗಳಿಂದ ಹೆಸರಾಗಿದ್ದ ಇ. ಮೆಕ್‌ನೈಟ್ ಕಾಫರ್ 1928ರಲ್ಲಿ ಅದಕ್ಕೆ ಹೊಸ ರೂಪವನ್ನಿತ್ತರು. ಜಾನ್ ಬ್ಯಾಂಟಿಂಗ್, ಟ್ರೆಕಿ ರಿಚಿ ಮೊದಲಾದವರೂ ಹೊದಿಕೆಗಳನ್ನು ಬರೆದರು.

ಈ ಪಟ್ಟಿಯಲ್ಲಿ ಭಾರತೀಯ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಎಳೆಯಿದೆ. ಸಿಲೋನಿನಲ್ಲಿ ಸಾಮ್ರಾಜ್ಯದ ಒಳಗನ್ನು ಕಂಡುಬಂದ ಲಿಯೊನಾರ್ಡ್, ಅದರ ವಿರುದ್ಧದ ಬರಹಗಳಿಗೆ ತಮ್ಮ ಬಾಗಿಲನ್ನು ತೆರೆದಿಟ್ಟರು. 1857ರಲ್ಲಿ ಬ್ರಿಟಿಷರು ನಡೆಸಿದ ಕ್ರೌರ್ಯವನ್ನು ಬ್ರಿಟಿಷ್ ಓದುಗರ ಮುಂದೆಯೇ ಎತ್ತಿ ಹಿಡಿದ ಎಡ್ವರ್ಡ್ ಥಾಂಪ್ಸನ್ ಅವರ 'ದಿ ಅದರ್ ಸೈಡ್ ಆಫ್ ದಿ ಮೆಡಲ್' 1925ರಲ್ಲಿ ಅಲ್ಲಿಂದ ಬಂತು. ವೆಸ್ಟ್ ಇಂಡೀಸಿನ ಸ್ವಯಮಾಡಳಿತವನ್ನು ಪ್ರತಿಪಾದಿಸಿದ ಸಿ.ಎಲ್.ಆರ್. ಜೇಮ್ಸ್ ಅವರ ಕಿರುಹೊತ್ತಗೆ 1933ರಲ್ಲಿ ಬಂತು. ಮುಲ್ಕ್ ರಾಜ್ ಆನಂದ್ ಯುವಕರಾಗಿ ಲಂಡನ್ನಿನಲ್ಲಿದ್ದಾಗ ಅಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದರು. 1940ರಲ್ಲಿ ಅಹ್ಮದ್ ಅಲಿ ಅವರ 'ಟ್ವಿಲೈಟ್ ಇನ್ ಡೆಲ್ಲಿ' ಪ್ರಕಟವಾದ ಬಗೆಯಂತೂ ಮರೆಯಬಾರದ್ದು. ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಹಳೆಯ ದೆಹಲಿಯ ಮುಸ್ಲಿಂ ಮನೆತನವೊಂದರ ಅವನತಿಯನ್ನು, ಅದರ ಹಿನ್ನೆಲೆಯಲ್ಲಿ 1857ರ ನೆನಪನ್ನು ಹೇಳುವ ಆ ಕಾದಂಬರಿಯ ಕೆಲವು ಭಾಗಗಳು ರಾಜದ್ರೋಹಕ್ಕೆ ಸಮವೆಂದು ಮುದ್ರಕರು ಅಚ್ಚುಹಾಕಲು ಹಿಂಜರಿದರು. ಲೇಖಕರು ಒಂದು ಸಾಲನ್ನೂ ಬಿಡಲು ಒಪ್ಪಲಿಲ್ಲ, ಇ.ಎಂ. ಫಾರ್ಸ್ಟರ್ ಅವರ ಬೆಂಬಲ ಲೇಖಕರಿಗಿತ್ತು. ಕೊನೆಗೆ ಆಗ ಸರ್ಕಾರದ ಮಾಹಿತಿ ಸಚಿವಾಲಯದಲ್ಲಿದ್ದ ಹೆರಾಲ್ಡ್ ನಿಕಲ್ಸನ್ ಅದನ್ನೋದಿ ಆಕ್ಷೇಪಾರ್ಹವಾದದ್ದೇನೂ ಇಲ್ಲವೆಂದ ಮೇಲೆ ಅದು ಇದ್ದ ಹಾಗೆಯೇ ಅಚ್ಚಾಯಿತು. ಹೊಸ ಕಾದಂಬರಿಯೊಂದನ್ನು ಪ್ರಕಾಶನ ಗೌರವಿಸುವ ಅತ್ಯುನ್ನತ ರೀತಿ ಇದು: ಹಸ್ತಪ್ರತಿಯಲ್ಲಿದ್ದ ಸಾಲು ಪುಸ್ತಕದಲ್ಲೂ ಇರುವಂತೆ ನೋಡಿಕೊಳ್ಳುವುದು.

1938ರಲ್ಲಿ ವರ್ಜೀನಿಯಾ ತಮ್ಮ ಪಾಲನ್ನು ಜಾನ್ ಲೇಮನ್ ಅವರಿಗೆ ಬಿಟ್ಟುಕೊಟ್ಟರು. 1940ರ ಸೆಪ್ಟೆಂಬರಿನ ಬಾಂಬುದಾಳಿಯಲ್ಲಿ, ಆಗ ಸಂಸ್ಥೆಯಿದ್ದ ಮೆಕ್ಲೆನ್‌ಬರ್ಗ್ ಚೌಕದ ಕಚೇರಿ ಹಾಳಾಗಿ, ಸಂಸ್ಥೆ ಲಂಡನ್ನಿನ ಹೊರಗಿನ ಲೆಚ್‌ವರ್ತ್‌ಗೆ ಹೋಯಿತು. 1941ರ ಮಾರ್ಚ್ 28ರಂದು ವರ್ಜೀನಿಯಾ ತೀರಿಕೊಂಡರು. 1946ರಲ್ಲಿ ಹೊಗಾರ್ತ್ ಪ್ರೆಸ್ ಚಾಟೊ ಅಂಡ್ ವಿಂಡಸ್ ಸಂಸ್ಥೆಯ ಆಶ್ರಯಕ್ಕೆ ಸೇರಿತು. ಅಷ್ಟರಲ್ಲಿ ಅದು ಪ್ರಕಟಿಸಿದ್ದ ಶೀರ್ಷಿಕೆಗಳು ಐನೂರನ್ನು ದಾಟಿದ್ದವು. ಊಟದ ಕೋಣೆಯ ಮೊದಲ ಯಂತ್ರದ ಬಳಿಕ 1921ರಲ್ಲಿ ಕೊಂಡಿದ್ದ, 'ದಿ ವೇಸ್ಟ್ ಲ್ಯಾಂಡ್' ಅಚ್ಚುಹಾಕಿದ ಯಂತ್ರ, 1930ರಲ್ಲೇ ವೀಟಾ ಅವರ ಸಿಸಿಂಗ್‌ಹರ್ಸ್ಟ್ ಮನೆಗೆ ಹೋಗಿ ಇಂದಿಗೂ ಅಲ್ಲಿದೆ.

ವರ್ಜೀನಿಯಾ ಅವರ ಬರಹಗಳನ್ನು ಲಿಯೊನಾರ್ಡ್ ಒಂದೊಂದಾಗಿ ಹುಡುಕಿ, ಜೋಡಿಸಿ, ಪ್ರಕಟಿಸುತ್ತ ಹೋದಂತೆ ವನೆಸಾ ಅವುಗಳಿಗೆ ಹೊದಿಕೆ ಬರೆಯುತ್ತ ಹೋದರು. 1942ರಲ್ಲಿ 'ದಿ ಡೆತ್ ಆಫ್ ದಿ ಮಾತ್', 1947ರಲ್ಲಿ 'ದಿ ಮೊಮೆಂಟ್', 1950ರಲ್ಲಿ 'ದಿ ಕ್ಯಾಪ್ಟನ್ಸ್ ಡೆತ್ ಬೆಡ್', 1953ರಲ್ಲಿ ದಿನಚರಿಯಿಂದ ಆಯ್ದ 'ಎ ರೈಟರ್ಸ್ ಡೈರಿ', 1958ರಲ್ಲಿ 'ಗ್ರಾನೈಟ್ ಅಂಡ್ ರೇನ್‌ಬೋ'. ಆ ಕೊನೆಯ ಪುಸ್ತಕ ಬಂದಾಗ ವನೆಸಾ ಅವರಿಗೆ 79 ವರ್ಷ, ಮೂರು ವರ್ಷಗಳ ನಂತರ ಅವರೂ ತೀರಿಕೊಂಡರು. ಇನ್ನು ನಿನ್ನ ಕತೆಗಳಿಗೆ ಚಿತ್ರ ಬರೆಯಲಾರೆನೆಂದು 1919ರಲ್ಲಿ ಸಿಟ್ಟಾಗಿ ಹೇಳಿದ್ದ ಅಕ್ಕ, ತಂಗಿ ಇಲ್ಲವಾದ ಮೇಲೂ 17 ವರ್ಷಗಳವರೆಗೆ ಆ ಹೆಸರನ್ನು ಮೊಳೆಗಳಿಗೆ ಬಿಟ್ಟುಕೊಡದೆ ತಮ್ಮ ಕುಂಚದಿಂದಲೇ ಬರೆಯುತ್ತಿದ್ದರು.